ಎಪಿಆರ್‌ಎಸ್ ಶುರು ಮಾಡಲು ಯಾವ ರೇಡಿಯೊ ತಗೊಳ್ಳಲಿ?

ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಈಗಷ್ಟೇ ಬಂದಿದೆ, ಎಪಿಆರ್‌ಎಸ್‌ನಲ್ಲಿ, ಅಂದರೆ ರೇಡಿಯೊ ಮೂಲಕ ಚಿಕ್ಕ ಡಿಜಿಟಲ್ ಸಂದೇಶ ಕಳಿಸುವ ವ್ಯವಸ್ಥೆಯಲ್ಲಿ, ಇರುವ ಜಾಗ ತಿಳಿಸುವ ಪ್ಯಾಕೆಟ್ ಕಳಿಸಬೇಕು ಅಂದಿದ್ದೀರಿ. ದುಬಾರಿ ಸೆಟ್ಟಿಗೆ ಈಗಲೇ ಕೈ ಹಾಕಬೇಡಿ.

2 ಮೀಟರ್ ಬ್ಯಾಂಡಿನಲ್ಲಿ (144 ಮೆಗಾಹರ್ಟ್ಸ್‌ನಿಂದ ಶುರುವಾಗುವ ಹ್ಯಾಮ್ ಬ್ಯಾಂಡ್) ಎಪಿಆರ್‌ಎಸ್ ಅಂದರೆ 1200 ಬಾಡ್ (ಸೆಕೆಂಡಿಗೆ 1200 ಸಂಕೇತ) ವೇಗದಲ್ಲಿ ಅದಲುಬದಲಾಗುವ ಎರಡು ಸ್ವರ: 1200 ಹರ್ಟ್ಸ್, 2200 ಹರ್ಟ್ಸ್. ಈ ಬ್ಯಾಂಡಿನ ಯಾವುದೇ ಎಫ್‌ಎಂ ಹ್ಯಾಮ್ ಸೆಟ್ಟಿನ ಮೈಕ್, ಸ್ಪೀಕರ್ ಮೂಲಕವೇ ಇವು ಹೋಗಿಬರುತ್ತವೆ. ಹಳೆಯ ಹ್ಯಾಂಡ್‌ಹೆಲ್ಡ್, ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್), ಪ್ಯಾಕೆಟ್ಟನ್ನು ಸ್ವರವಾಗಿ, ಸ್ವರವನ್ನು ಪ್ಯಾಕೆಟ್ಟಾಗಿ ಮಾಡುವ, ಉಚಿತವಾಗಿ ಸಿಗುವ ಡೈರ್‌ವುಲ್ಫ್ ತಂತ್ರಾಂಶ ಸಾಕು. ಪೈಗೆ ಮೈಕ್ ಜಾಕ್ ಇಲ್ಲ, ಯುಎಸ್‌ಬಿ ಸೌಂಡ್‌ಕಾರ್ಡ್ ಬೇಕು.

ಎಡವುವುದು ಪಿಟಿಟಿಯಲ್ಲಿ, ಅಂದರೆ ಸೆಟ್ಟನ್ನು ಪ್ರಸಾರಕ್ಕೆ ಬದಲಿಸುವ ಸ್ವಿಚ್ಚಿನಲ್ಲಿ. ಅಗ್ಗದ ಸೆಟ್ಟುಗಳ ವಾಕ್ಸ್ (ಸದ್ದು ಕೇಳಿದೊಡನೆ ತಾನೇ ಪ್ರಸಾರ ಶುರು ಮಾಡುವ ಸೌಲಭ್ಯ) ನಂಬಿದರೆ ರೇಡಿಯೊ ಎಚ್ಚರವಾಗುವಷ್ಟರಲ್ಲಿ ಪ್ಯಾಕೆಟ್ಟಿನ ತಲೆಯೇ ಹೋಗಿರುತ್ತದೆ. ಮುಗಿದ ಮೇಲೂ ಸೆಟ್ಟು ಸುಮ್ಮನೆ ಚಾನೆಲ್ ಹಿಡಿದುಕೊಂಡಿರುತ್ತದೆ. ಪಿಟಿಟಿಗೆ ಬೇರೆ ತಂತಿ ಎಳೆಯಿರಿ. ಪಕ್ಕದಲ್ಲಿ ಇನ್ನೊಂದು ರೇಡಿಯೊ ಇಟ್ಟು ಕೇಳಿ: 'ಬರ್ರ್' ಸದ್ದು ಒಡೆದು ಕರ್ಕಶವಾಗಿದ್ದರೆ ಆಡಿಯೊ ಇಳಿಸಿ. ಜೋರು ಮಾಡಿದಷ್ಟೂ ಡಿಕೋಡ್ ಆಗುವುದು ಕಮ್ಮಿ, ಹೊಸಬರು ಇದನ್ನು ನಂಬುವುದೇ ಇಲ್ಲ!

9600 ಬಾಡ್ ಬೇಕೆಂದರೆ ಕಥೆ ಬೇರೆ. ಮೈಕ್ ದಾರಿಯಲ್ಲಿ ಅದು ಹಾಯುವುದಿಲ್ಲ, ಹೊರಗಿನಿಂದ ಜೋಡಿಸುವುದಾದರೆ ಡೇಟಾ ಪೋರ್ಟ್ ಇರುವ ಸೆಟ್ಟೇ ಆಗಬೇಕು, ಸಾಮಾನ್ಯವಾಗಿ ವಾಹನದಲ್ಲಿ ಕೂರಿಸುವ ಮೊಬೈಲ್ ಸೆಟ್ಟು.

ದುಡ್ಡಿದ್ದು ತಂತಿಯ ಗೋಜಲು ಬೇಡವೆಂದರೆ ಕೆನ್‌ವುಡ್ ಟಿಎಚ್-ಡಿ75 ಹ್ಯಾಂಡ್‌ಹೆಲ್ಡ್. ಟಿಎನ್‌ಸಿ (ಪೈ, ಡೈರ್‌ವುಲ್ಫ್ ಮಾಡುವ ಕೆಲಸವನ್ನೇ ಮಾಡುವ ಮೋಡೆಮ್), ಜಿಪಿಎಸ್ ಎರಡೂ ಅದರೊಳಗೇ ಇವೆ. ಆದರೆ ಸುತ್ತಮುತ್ತ ಡಿಜಿಪೀಟರ್ (ಕೇಳಿದ ಪ್ಯಾಕೆಟ್ಟನ್ನು ಮತ್ತೆ ಪ್ರಸಾರ ಮಾಡುವ ಕೇಂದ್ರ) ಇದೆಯೇ, ಯಾವ ಫ್ರೀಕ್ವೆನ್ಸಿ ಎಂದು ಸ್ಥಳೀಯ ಕ್ಲಬ್ಬಿನಲ್ಲಿ ಮೊದಲು ವಿಚಾರಿಸಿ. ಇಲ್ಲದಿದ್ದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಹಾಯುವಾಗ 145.825 ಮೆಗಾಹರ್ಟ್ಸ್‌ನಲ್ಲಿ ಕಿವಿಗೊಡಿ, ಅಲ್ಲಿನ ಡಿಜಿಪೀಟರ್ ಚಾಲೂ ಇದ್ದರೆ ಪ್ಯಾಕೆಟ್ಟುಗಳು ಕೇಳುತ್ತವೆ.