ಮೈಸೂರಿನ ಮನೆಗೆ ಸೋಲಾರ್: ಯಾವ ಕಂಪನಿ ಪ್ಯಾನೆಲ್, ಎಷ್ಟು ದೊಡ್ಡ ಬ್ಯಾಟರಿ?

ಬೋಗಾದಿ ಕಡೆ ಮನೆ, ತಿಂಗಳಿಗೆ 300 ಯೂನಿಟ್ ಖರ್ಚು, 3 ಕಿಲೋವಾಟ್ ಹಾಕಿಸಬೇಕು, ಯಾವ ಕಂಪನಿ ಪ್ಯಾನೆಲ್ ಒಳ್ಳೆಯದು, 10 ಯೂನಿಟ್‌ನ ಲಿಥಿಯಂ ಬ್ಯಾಟರಿ ಸಾಕಾಗುತ್ತಾ ಅಂತ ಕೇಳಿದ್ದೀರಿ. ವಿಜಯನಗರದ ನಮ್ಮ ಮನೆಗೆ ಹಾಕಿಸುವಾಗ ನಾನು ಊರೆಲ್ಲ ಕೇಳಿಕೊಂಡು ಬಂದದ್ದೂ ಇದೇ ಎರಡು ಪ್ರಶ್ನೆ. ಡಿಸೆಂಬರ್‌ನಲ್ಲಿ ನಮ್ಮ ತಾರಸಿಯ ಮೇಲೆ ನೆರಳು ಎಲ್ಲಿ ಬೀಳುತ್ತದೆ ಅಂತ ಮಾತ್ರ ಯಾರನ್ನೂ ಕೇಳಲಿಲ್ಲ. ಅದಕ್ಕೆ ತೆತ್ತದ್ದು ಸುಮಾರು 40,000 ರೂಪಾಯಿ.

ನಾವು ಹಾಕಿಸಿದ್ದು ಮೇ ತಿಂಗಳಲ್ಲಿ. ಅದಕ್ಕೆ ಮುಂಚೆ ಪ್ಯಾನೆಲ್‌ಗಳ ಬಗ್ಗೆ ಓದಿದ್ದೇ ಓದಿದ್ದು. ಮೋನೋ ಪರ್ಕ್, ಟಾಪ್‌ಕಾನ್, ಹಿಂಬದಿಯಿಂದಲೂ ಬೆಳಕು ಹೀರುವ ಬೈಫೇಶಿಯಲ್ ಅಂತ ಪ್ಯಾನೆಲ್‌ಗಳಲ್ಲೇ ಹಲವು ಬಗೆ. ಎಫಿಶಿಯನ್ಸಿ ಒಂಚೂರು ಜಾಸ್ತಿ ಇದೆ ಅಂತ ಕೊನೇ ಗಳಿಗೆಯಲ್ಲಿ ಕಂಪನಿ ಬದಲಾಯಿಸಿದೆ. ಜಾಗ ನೋಡಲು ಬಂದ ಹುಡುಗ ಮಧ್ಯಾಹ್ನ ಊಟದ ಹೊತ್ತಿಗೆ ತಾರಸಿ ಹತ್ತಿದ, ಟೇಪ್ ಹಿಡಿದ, "ನೆರಳೇ ಇಲ್ಲ ಸಾರ್, ಆರು ಪ್ಯಾನೆಲ್ ಆರಾಮಾಗಿ ಕೂರುತ್ತೆ" ಅಂದ. ನಾನೂ ಪಕ್ಕದಲ್ಲೇ ನಿಂತಿದ್ದೆ. ಅವನು ಸುಳ್ಳು ಹೇಳಲಿಲ್ಲ. ಆ ಜಾಗದಲ್ಲಿ ಆ ಹೊತ್ತಿಗೆ ನಿಜವಾಗಿಯೂ ನೆರಳಿರಲಿಲ್ಲ.

ನಮ್ಮ ಮನೆಯ ಮೆಟ್ಟಿಲಿನ ಹೆಡ್‌ರೂಮು, ಅದರ ಮೇಲಿನ ಸಿಂಟೆಕ್ಸು, ಎರಡೂ ನೈರುತ್ಯ ಮೂಲೆಯಲ್ಲಿವೆ. ನಿಮ್ಮಲ್ಲೂ ಬಹುಶಃ ಅಲ್ಲೇ ಇರುತ್ತದೆ. ವಾಸ್ತು ನೋಡಿ ಕಟ್ಟಿಸಿದ ಮನೆಗಳಲ್ಲಿ ನೀರಿನ ಟ್ಯಾಂಕ್ ಇಡುವುದು ಅಲ್ಲೇ ಅಲ್ವಾ? ಅದರಿಂದ ಉತ್ತರಕ್ಕೆ ಖಾಲಿ ಇದ್ದ ಜಾಗದಲ್ಲಿ ಪ್ಯಾನೆಲ್‌ಗಳನ್ನು ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದರು.

ಎಡವಿದ್ದು ಇಲ್ಲೇ. ಸ್ವಲ್ಪ ಉದ್ದವಾದರೂ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೊಟೇಶನ್ ಕೊಡುವವರು ಇದನ್ನು ಹೇಳುವುದಿಲ್ಲ.

ಮೈಸೂರು ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ 12.3 ಡಿಗ್ರಿಯಲ್ಲಿ. ಏಪ್ರಿಲ್ ಇಪ್ಪತ್ತರ ನಂತರ ಒಂದು ದಿನ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆಗ ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಹಾಗಾಗಿ ಮೇ, ಜೂನ್‌ನಲ್ಲಿ ನಡುಮಧ್ಯಾಹ್ನ ನೋಡಿದರೆ ಟ್ಯಾಂಕಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಅದೂ ಗಿಡ್ಡವಾಗಿ. ಉತ್ತರದ ಕಡೆ ಪೂರ್ತಿ ಬಿಸಿಲು. ಸೆಪ್ಟೆಂಬರ್ ಹೊತ್ತಿಗೆ ಇದು ತಿರುಗುಮುರುಗಾಗುತ್ತದೆ. ಸೂರ್ಯ ದಕ್ಷಿಣಕ್ಕೆ ಸರಿದ ಹಾಗೆಲ್ಲ ನೆರಳು ಉತ್ತರಕ್ಕೆ ಚಾಚಿಕೊಳ್ಳುತ್ತದೆ. ಡಿಸೆಂಬರ್ ಮೂರನೇ ವಾರದಲ್ಲಿ ನಡುಮಧ್ಯಾಹ್ನಕ್ಕೂ ಸೂರ್ಯ ಏರುವುದು 54 ಡಿಗ್ರಿ ಅಷ್ಟೇ. 10 ಅಡಿ ಎತ್ತರದ ಗೋಡೆಗೆ ಆಗ 7 ಅಡಿ ನೆರಳು. ಮೂರೂಕಾಲು ಗಂಟೆಗೆ ಅದೇ ಗೋಡೆಗೆ 15 ಅಡಿ ನೆರಳು, ಈಶಾನ್ಯದ ಕಡೆಗೆ. ನೈರುತ್ಯದ ಟ್ಯಾಂಕು ಇಡೀ ತಾರಸಿಯ ಮೇಲೆ ಅಡ್ಡಡ್ಡ ಮಲಗಿಕೊಳ್ಳುವುದು ಹೀಗೆ.

ಇದ್ಯಾವುದೂ ನನಗೆ ತಕ್ಷಣ ಗೊತ್ತಾಗಲಿಲ್ಲ. ಜುಲೈನಲ್ಲಿ ಕರೆಂಟು ಕಡಿಮೆ ಬಂದಾಗ ಮೋಡ ಅಂದುಕೊಂಡೆ, ಅದು ಮೋಡವೇ. ಅಕ್ಟೋಬರ್‌ನಲ್ಲಿ ಹಿಂಗಾರು ಮಳೆ. ಡಿಸೆಂಬರ್‌ನಲ್ಲಿ ಆಕಾಶ ತೊಳೆದಿಟ್ಟಂತೆ ಶುಭ್ರವಾಗಿದೆ, ಆದರೆ ಮೊಬೈಲ್ ಆಪ್‌ನಲ್ಲಿ ದಿನದ ಲೆಕ್ಕ 7 ಯೂನಿಟ್ ದಾಟುತ್ತಿಲ್ಲ. ಒಳ್ಳೆ ಬಿಸಿಲಿನ ದಿನ ಕಿಲೋವಾಟಿಗೆ ಸುಮಾರು 4 ಯೂನಿಟ್ ಲೆಕ್ಕದಲ್ಲಿ 12ರ ಹತ್ತಿರ ಬರಬೇಕಿತ್ತು. ಪ್ಯಾನೆಲ್ ತೊಳೆಸಿದೆ. ಪ್ಯಾನೆಲ್ಲಿನ ಕರೆಂಟನ್ನು ಮನೆಗೆ ಬೇಕಾದ ಹಾಗೆ ಬದಲಿಸುವ ಇನ್ವರ್ಟರ್ ತೋರಿಸಿದೆ. ಪ್ಯಾನೆಲ್ಲೇ ಸರಿಯಿಲ್ಲ ಅಂತ ಅಂಗಡಿಯವರ ಜೊತೆ ಜಗಳವೂ ಆಯಿತು.

ಕೊನೆಗೆ ಹೇಳಿದ್ದು ನಮ್ಮಮ್ಮ. ಮೆಣಸಿನಕಾಯಿ ಮೊರವನ್ನು ಎತ್ತಿ ಈ ಕಡೆ ಇಡುತ್ತಾ, "ಆ ಕಡೆ ಚಳಿಗಾಲದಲ್ಲಿ ಬಿಸಿಲು ಎಲ್ಲಪ್ಪಾ ಬೀಳುತ್ತೆ? ಕಾರ್ತೀಕ ಮುಗಿದ ಮೇಲೆ ನಾನು ಆ ತಂತಿಗೆ ಬಟ್ಟೇನೇ ಹಾಕಲ್ಲ" ಅಂದರು. ಹೋಗಿ ನೋಡಿದೆ. ಸಿಂಟೆಕ್ಸಿನ ಗುಂಡು ನೆರಳು ಎರಡು ಪ್ಯಾನೆಲ್‌ಗಳ ಕೆಳಗಿನ ಮೂಲೆಗಳನ್ನು ಹಿಡಿದಿತ್ತು. ಓವರ್‌ಫ್ಲೋ ಪೈಪಿನ ನೆರಳು ಇನ್ನೊಂದರ ಮೇಲೆ ಎರಡು ಬೆರಳಗಲ ಗೆರೆಯಾಗಿ ಬಿದ್ದಿತ್ತು. ಅರ್ಧ ಗಂಟೆ ಅಲ್ಲೇ ಕೂತಿದ್ದೆ. ಗೆರೆ ಮೆಲ್ಲಗೆ ಸರಿದು ಪಕ್ಕದ ಪ್ಯಾನೆಲ್ಲಿಗೆ ಹೋಯಿತು, ಟ್ಯಾಂಕಿನ ನೆರಳು ಮೂರನೆಯದನ್ನೂ ಮುಟ್ಟಿತು.

ಇಷ್ಟು ಚಿಕ್ಕ ನೆರಳಿಗೆ ಅಷ್ಟು ನಷ್ಟವೇ ಅನ್ನಬೇಡಿ. ಸಾಮಾನ್ಯ ಇನ್ವರ್ಟರ್‌ಗೆ ಆರೂ ಪ್ಯಾನೆಲ್‌ಗಳನ್ನು ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿರುತ್ತಾರೆ. ಎಲ್ಲದರಲ್ಲೂ ಹರಿಯುವುದು ಒಂದೇ ಕರೆಂಟು. ನೊಗಕ್ಕೆ ಕಟ್ಟಿದ ಜೋಡಿಯಲ್ಲಿ ಒಂದು ಎತ್ತು ಕಾಲೆಳೆದರೆ ಇನ್ನೊಂದೂ ನಿಧಾನವಾಗಲೇಬೇಕು. ಹಾಗಾಗದಿರಲಿ ಅಂತ ಪ್ಯಾನೆಲ್ ಒಳಗೆ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇರುತ್ತವೆ, ನೆರಳಿಗೆ ಸಿಕ್ಕಿದ ಭಾಗವನ್ನು ಪಕ್ಕಕ್ಕಿಟ್ಟು ಕರೆಂಟನ್ನು ದಾಟಿಸುತ್ತವೆ. ಆದರೆ ಆ ಭಾಗದ ಉತ್ಪಾದನೆ ಪೂರ್ತಿ ಹೋದ ಹಾಗೆ. ಒಂದೇ ಸಲ ಮೂರು ಪ್ಯಾನೆಲ್‌ಗಳ ಮೇಲೆ ತುಂಡು ತುಂಡು ನೆರಳು ಬಿದ್ದರೆ ಸಾಲಿನ ವೋಲ್ಟೇಜೇ ಕುಸಿಯುತ್ತದೆ. ನಾನು ಕಂಪನಿ ಬದಲಾಯಿಸಿ ಗಳಿಸಿದ ಎಫಿಶಿಯನ್ಸಿ ಇದರ ಮುಂದೆ ಯಾವ ಲೆಕ್ಕ?

ಪ್ಯಾನೆಲ್ಲಿಗೊಂದು ಆಪ್ಟಿಮೈಸರ್ ಹಾಕಿ ಅಂದರು ಕೆಲವರು. ಅದರಿಂದ ಒಂದು ಪ್ಯಾನೆಲ್ಲಿನ ನೆರಳು ಇನ್ನೊಂದಕ್ಕೆ ತಟ್ಟುವುದಿಲ್ಲ ನಿಜ, ಆದರೆ ಬೀಳದ ಬಿಸಿಲನ್ನು ಅದು ತಂದುಕೊಡುವುದಿಲ್ಲ. ನಾನು ಎಲ್ಲ ಬಿಚ್ಚಿಸಿ, ಎತ್ತರದ ಕಬ್ಬಿಣದ ಫ್ರೇಮ್ ಮಾಡಿಸಿ, ಪ್ಯಾನೆಲ್‌ಗಳನ್ನು ಹೆಡ್‌ರೂಮಿನ ಮಟ್ಟಕ್ಕೆ ಏರಿಸಿ ಆಗ್ನೇಯದ ಕಡೆಗೆ ಸರಿಸಿದೆ. 40,000 ಹೋದದ್ದು ಅದಕ್ಕೆ. ಮೊದಲೇ ಮಾಡಿಸಿದ್ದರೆ ಅದರ ಅರ್ಧದಲ್ಲಿ ಮುಗಿಯುತ್ತಿತ್ತು. ಎತ್ತರದ ಫ್ರೇಮ್ ಮಾಡಿಸುವುದಾದರೆ ಗಾಳಿಯ ಲೆಕ್ಕ ಹಾಕಿಸಿ, ಬುಡವನ್ನು ಪಿಲ್ಲರ್ ಅಥವಾ ಬೀಮ್ ಇರುವ ಕಡೆಗೇ ಕೂರಿಸಿ. ಆಷಾಢದ ಗಾಳಿಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆ. ಕಂಪನಿ ಹಿಂದೆ ಬೀಳಬೇಡಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವಾಟಿಗೆ 30,000ದಂತೆ, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ ಇದೆ. ಅದು ಬೇಕಾದರೆ ಪ್ಯಾನೆಲ್ಲೂ ಅದರೊಳಗಿನ ಸೆಲ್ಲೂ ಭಾರತದಲ್ಲೇ ತಯಾರಾಗಿರಬೇಕು. ಅಂಥ ಪ್ಯಾನೆಲ್ ಮಾಡುವ ಹೆಸರುವಾಸಿ ಕಂಪನಿಗಳ ನಡುವೆ ಮನೆಯ ಮಟ್ಟಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. 25 ವರ್ಷದ ವಾರಂಟಿ ಅಂದರೆ ಅದು ಉತ್ಪಾದನೆಯದ್ದು. ಪ್ಯಾನೆಲ್ ಹಾಳಾದರೆ ಬದಲಿಸಿಕೊಡುವ ವಾರಂಟಿ ಬೇರೆ, ಅದು ಎಷ್ಟು ವರ್ಷ ಅಂತ ಬರೆಸಿಕೊಳ್ಳಿ. ಅರ್ತಿಂಗ್, ಸಿಡಿಲು ತಡೆಯ ಕಂಬಿ, ಇವೆರಡರಲ್ಲಿ ಚೌಕಾಸಿ ಮಾಡಬೇಡಿ.

ಬ್ಯಾಟರಿ ವಿಷಯದಲ್ಲಿ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ರಾತ್ರಿ ಬಳಸಲು ಹಗಲಿನ ಕರೆಂಟನ್ನು ಕೂಡಿಡಬೇಕು ಅಂದುಕೊಂಡಿದ್ದೀರಿ. ನೆಟ್ ಮೀಟರ್ ಇದ್ದರೆ ಅದರ ಅಗತ್ಯವೇ ಇಲ್ಲ. ಹಗಲು ಮಿಕ್ಕಿದ್ದು ನಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ನ ಲೈನಿಗೆ ಹೋಗುತ್ತದೆ, ರಾತ್ರಿ ಬಳಸಿದ್ದರಲ್ಲಿ ಅಷ್ಟು ಯೂನಿಟ್ ಕಳೆಯುತ್ತಾರೆ. ಬ್ಯಾಟರಿಯಿಂದ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ. ಅದಕ್ಕೆ ಬೇರೆ ಸಬ್ಸಿಡಿಯೂ ಇಲ್ಲ. ಅಂದಹಾಗೆ, ಬಿಲ್ಲು ಪೂರ್ತಿ ಸೊನ್ನೆ ಆಗುತ್ತದೆ ಅಂತಲೂ ಕಾಯಬೇಡಿ, ನಿಗದಿತ ಶುಲ್ಕ ಬರುತ್ತಲೇ ಇರುತ್ತದೆ. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಗೃಹಜ್ಯೋತಿಯಲ್ಲಿ ಈಗಾಗಲೇ ಸೊನ್ನೆ ಬಿಲ್ಲು ಬರುತ್ತಿದ್ದರೆ ಸುಮ್ನೆ ದುಡ್ಡು ಹಾಕಬೇಡಿ.

ಬ್ಯಾಟರಿಗಿರುವುದು ಒಂದೇ ಕೆಲಸ, ಕರೆಂಟು ಹೋದಾಗ ಮನೆ ನಡೆಸುವುದು. ಆನ್‌ಗ್ರಿಡ್ ಇನ್ವರ್ಟರ್, ಅಂದರೆ ಬ್ಯಾಟರಿ ಇಲ್ಲದೆ ನೇರ ಲೈನಿಗೆ ಸೇರಿಸಿದ್ದು, ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಎಷ್ಟೇ ಬಿಸಿಲಿದ್ದರೂ ಅಷ್ಟೇ. ಲೈನ್ ರಿಪೇರಿ ಮಾಡುತ್ತಿರುವ ಲೈನ್‌ಮ್ಯಾನ್‌ಗೆ ನಮ್ಮ ಮನೆಯಿಂದ ಶಾಕ್ ಹೊಡೆಯಬಾರದಲ್ಲ, ಅದಕ್ಕೇ ಹಾಗೆ ಮಾಡಿರುವುದು. ಬೋಗಾದಿಯಲ್ಲಿ ಒಂದೆರಡು ಗಂಟೆ ಕರೆಂಟು ಹೋಗುವುದಕ್ಕೆ ಸಾಧಾರಣ ಯುಪಿಎಸ್, 150 ಎಎಚ್ ಟ್ಯೂಬುಲರ್ ಬ್ಯಾಟರಿ ಒಂದು ಸಾಕು. ಅದರಲ್ಲಿರುವುದು 1.8 ಯೂನಿಟ್. ಬಾಳಿಕೆ ಬರಬೇಕಾದರೆ ಅರ್ಧ ಮಾತ್ರ ಬಳಸಬೇಕು. ಆ ಅರ್ಧದಲ್ಲೇ ಎರಡು ಫ್ಯಾನು, ನಾಲ್ಕು ಎಲ್‌ಇಡಿ, ವೈಫೈ ಸಂಜೆಯೆಲ್ಲ ನಡೆಯುತ್ತವೆ. ಡಿಸ್ಟಿಲ್ಡ್ ವಾಟರ್ ಹಾಕುವುದನ್ನು ಮರೆಯಬೇಡಿ.

ಲಿಥಿಯಂ ಬೇಕಾಗುವುದು ಬೇರೆ ಕಡೆ. ನಮ್ಮ ಅಕ್ಕನ ಮನೆ ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿದೆ. ಅಲ್ಲಿ ಮಳೆಗಾಲದಲ್ಲಿ ಕಂಬ ಬಿದ್ದರೆ ಕರೆಂಟು ಬರುವುದಕ್ಕೆ ದಿನಗಟ್ಟಲೆ ಆಗುತ್ತದೆ. ಭಾವ ಲೈನಿಗೂ ಬ್ಯಾಟರಿಗೂ ಸೇರುವ ಹೈಬ್ರಿಡ್ ಇನ್ವರ್ಟರ್ ಜೊತೆಗೆ 5 ಯೂನಿಟ್‌ನ ಲಿಥಿಯಂ ಹಾಕಿಸಿದ್ದಾರೆ. ಲೈನ್ ಇಲ್ಲದಿದ್ದರೂ ಪ್ಯಾನೆಲ್ ನಡೆಯುತ್ತದೆ, ಬ್ಯಾಟರಿ ಹಗಲೇ ತುಂಬಿಕೊಳ್ಳುತ್ತದೆ. ಅವರಿಗೆ ಆ ದುಡ್ಡು ದಂಡವಲ್ಲ. ನಿಮಗೆ ದಂಡ.

ಆ ದುಡ್ಡಿನಲ್ಲಿ ಸ್ವಲ್ಪವನ್ನು ಫ್ರೇಮ್ ಎತ್ತರಿಸುವುದಕ್ಕೆ ಇಟ್ಟುಕೊಳ್ಳಿ. ಟ್ಯಾಂಕ್ ಯಾವ ಮೂಲೆಯಲ್ಲಿದೆ, ಅದರ ತುದಿ ತಾರಸಿಯಿಂದ ಎಷ್ಟು ಅಡಿ, ದಕ್ಷಿಣಕ್ಕೆ ಖಾಲಿ ಸೈಟ್ ಇದೆಯಾ ಅಂತ ಬರೆಯಿರಿ. ಖಾಲಿ ಸೈಟ್ ಇದ್ದರೆ ನಾಳೆ ಅಲ್ಲಿ ಮೂರು ಮಹಡಿ ಏಳುತ್ತದೆ ಅಂತಲೇ ಲೆಕ್ಕ ಹಾಕಬೇಕು. ಎಲ್ಲಿ ಕೂರಿಸಬಹುದು ಅಂತ ಹೇಳುತ್ತೇನೆ. ಅಷ್ಟರೊಳಗೆ ಮನೆಯಲ್ಲಿ ಬಟ್ಟೆ ಒಣಗಿಸುವವರನ್ನು ಒಂದು ಮಾತು ಕೇಳಿಡಿ.