'ಪರ್ಫ್ಯೂಮ್' ಇಷ್ಟವಾಯಿತು, ಅದಕ್ಕೇ ಮನಸ್ಸು ಚುಚ್ಚುತ್ತಿದೆ ಅಂದಿರಲ್ಲ

ಪ್ಯಾಟ್ರಿಕ್ ಸುಸ್ಕಿಂಡ್ ಅವರ 'ಪರ್ಫ್ಯೂಮ್' ಓದಿ ಬರವಣಿಗೆಗೆ ಮರುಳಾದೆ, ಒಬ್ಬ ಕೊಲೆಗಾರನ ಕಥೆಯನ್ನು ಹೀಗೆ ಸವಿದದ್ದು ತಪ್ಪಾ ಅಂತ ಕೇಳಿದ್ದೀರಿ. ತಪ್ಪಲ್ಲ. ನನಗೂ ಹಾಗೇ ಆಗಿತ್ತು. ಮುಗಿಸಿದ ಮೇಲೆ ಎರಡು ದಿನ ಅದರ ಬಗ್ಗೆ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

1985ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ಕಾದಂಬರಿ, ನಾನು ಓದಿದ್ದು ಇಂಗ್ಲಿಷ್ ಅನುವಾದ. ಮೊದಲ ಪುಟದಲ್ಲೇ 18ನೇ ಶತಮಾನದ ಪ್ಯಾರಿಸ್ಸಿನ ಗಬ್ಬುನಾತ ಮೂಗಿಗೆ ಬಡಿಯುತ್ತದೆ. ಮೀನು ಮಾರುವ ಜಾಗದಲ್ಲಿ ಹುಟ್ಟಿದ ಆ ಕೊಲೆಗಾರ ಗ್ರೆನೂಯ್‌ಗೆ ಮೈವಾಸನೆಯೇ ಇಲ್ಲ, ಮೂಗು ಮಾತ್ರ ಯಾರಿಗೂ ಇಲ್ಲದಷ್ಟು ಚುರುಕು. ಸುಸ್ಕಿಂಡ್ ಆ ಮೂಗನ್ನು ನಮಗೂ ಅಂಟಿಸಿಬಿಡುತ್ತಾರೆ, ಅಲ್ವಾ? ಸುಗಂಧದ್ರವ್ಯಕ್ಕೆ ಹೆಸರಾದ ಫ್ರಾನ್ಸಿನ ಗ್ರಾಸ್ ಊರಿನಲ್ಲಿ ಮಲ್ಲಿಗೆ ಹೂವನ್ನು ಕೊಬ್ಬಿನ ಮೇಲೆ ಹರಡಿ ಪರಿಮಳ ಹೀರಿಸುವ ಭಾಗ ಓದುವಾಗ ನನಗೆ ಎಷ್ಟು ಖುಷಿಯಾಗಿತ್ತು ಅಂದರೆ, ಅವನು ಅದೇ ಕೆಲಸವನ್ನು ಹುಡುಗಿಯರ ಮೈಮೇಲೆ ಮಾಡಲು ಹೊರಟಾಗ ಹೊಟ್ಟೆ ತೊಳಸಿತು. ಹೂವಿನ ಮೇಲೆ ಸರಿ ಅನ್ನಿಸಿದ್ದನ್ನೇ ಅವನು ಮುಂದುವರಿಸಿದ್ದ, ನಾನೂ ಜೊತೆಗೇ ಹೋಗಿದ್ದೆ.

ಮೊದಲ ಕೊಲೆಯ ಭಾಗವನ್ನು ಇನ್ನೊಂದು ಸಲ ಓದಿ. ರಾತ್ರಿ, ಒಂದು ಅಂಗಳ. ಹುಡುಗಿ ಕೂತು ಹಳದಿ ಪ್ಲಮ್ ಹಣ್ಣಿನ ಬೀಜ ಬಿಡಿಸುತ್ತಿದ್ದಾಳೆ. ಅವಳಿಗೆ ಹೆಸರಿಲ್ಲ. ಕತ್ತು ಹಿಸುಕುವಾಗ ಅವನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿರುತ್ತಾನೆ, ಅವಳ ಪರಿಮಳ ಒಂಚೂರೂ ತಪ್ಪಿಹೋಗಬಾರದು ಅಂತ. ಅಲ್ಲೇ ಲೇಖಕರು ಅವನು ನೋಡದೇ ಹೋದದ್ದನ್ನು ಹೇಳುತ್ತಾರೆ: ಮುಖದ ತುಂಬ ಸಣ್ಣ ಕಂದು ಚುಕ್ಕೆಗಳು, ಕೆಂಪು ಬಾಯಿ, ಹೊಳೆಯುವ ದೊಡ್ಡ ಹಸಿರು ಕಣ್ಣುಗಳು. ಮೊದಲ ಸಲ ನಾನು ಆ ಸಾಲನ್ನು ಸುಮ್ನೆ ದಾಟಿಬಿಟ್ಟಿದ್ದೆ, ಪರಿಮಳದ ವರ್ಣನೆಯಲ್ಲೇ ಮುಳುಗಿಹೋಗಿದ್ದೆ. ಎರಡನೇ ಸಲ ಮುಂದೆ ಹೋಗಲು ಆಗಲಿಲ್ಲ. ಅವನ ಮೂಗಿನ ಜೊತೆ ಹೋಗುತ್ತಾ ಹೋಗುತ್ತಾ ಅವಳ ಮುಖವನ್ನು ನಾನೂ ನೋಡಿರಲಿಲ್ಲ. ನಿಮ್ಮನ್ನು ಚುಚ್ಚುತ್ತಿರುವುದೂ ಇದೇ ಇರಬಹುದು.

ಸುಸ್ಕಿಂಡ್ ಕೊಲೆಗಾರನ ಪರ ಇದ್ದಾರೆ ಎನ್ನುವವರಿಗೆ ನಾನು ತೋರಿಸುವುದು ಆ ಸಾಲನ್ನೇ. ಹಾಗಂತ ತಕರಾರು ಇಲ್ಲ ಅಂತಲ್ಲ. ಮುಂದೆ ಗ್ರಾಸ್‌ನಲ್ಲಿ 25 ಹುಡುಗಿಯರು ಸಾಯುತ್ತಾರೆ. ಅವರಲ್ಲಿ ಕೊನೆಯವಳಾದ ಲಾರ್ ಒಬ್ಬಳು ಮಾತ್ರ ನನ್ನ ಮನಸ್ಸಿನಲ್ಲಿ ಉಳಿದಿದ್ದಾಳೆ. ಉಳಿದವರಿಗೂ ಹಾಗೆ ಒಂದೊಂದು ಸಾಲು ಕೊಡಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಪುಸ್ತಕ ಇನ್ನೂ ನಿಮ್ಮ ಹತ್ತಿರ ಇದ್ದರೆ ಆ ಪ್ಲಮ್ ಹಣ್ಣಿನ ಪುಟ ತೆಗೆದು ಓದಿ, ಹೇಗನ್ನಿಸಿತು ಅಂತ ಇಲ್ಲೇ ಬರೆಯಿರಿ.