ದೆಹಲಿಯ ಹವಾಮಾನ ಯೋಜನೆ ಕಲಬುರಗಿಯ ಹೊಲಕ್ಕೆ ಹೇಗೆ ಬರುತ್ತದೆ?

ನೇರವಾಗಿ ಬರುವುದಿಲ್ಲ. ಹವಾಮಾನ ಬದಲಾವಣೆಗಾಗಿ 2008ರಲ್ಲಿ ಮಾಡಿದ ರಾಷ್ಟ್ರೀಯ ಕ್ರಿಯಾ ಯೋಜನೆಯಲ್ಲಿ 8 ಮಿಷನ್‌ಗಳಿವೆ, ಅಂದರೆ ಒಂದೊಂದು ವಿಷಯಕ್ಕೆ ಒಂದೊಂದು ಕಾರ್ಯಕ್ರಮ. ಹಿಮಾಲಯದ್ದು ನಮಗೆ ದೂರ ಬಿಡಿ. ನೀರು, ಕೃಷಿ, ಸೋಲಾರ್ ನಮ್ಮವು. ಅದಕ್ಕೆ ತಕ್ಕಂತೆ ರಾಜ್ಯ ತನ್ನದೊಂದು ಯೋಜನೆ ಬರೆದುಕೊಳ್ಳುತ್ತದೆ. ಊರಿಗೆ ತಲುಪುವುದು ಮಾತ್ರ ಇಲಾಖೆಗಳ ಮಾಮೂಲಿ ಸ್ಕೀಮ್‌ಗಳಲ್ಲಿ.

ಆಳಂದದ ಕಡೆಯ ತೊಗರಿ ಹೊಲವನ್ನೇ ನೋಡಿ. ಜಾಸ್ತಿ ಭಾಗ ಮಳೆ ನಂಬಿದ ಬೆಳೆ. ಹೂ ಬಿಡುವಾಗ ಮಳೆ ಕೈಕೊಟ್ಟರೆ ಹೂ ಉದುರುತ್ತದೆ. ಪಕ್ಕದಲ್ಲೇ ಕೃಷಿ ಹೊಂಡ ಇದ್ದರೆ ಪಂಪ್ ಇಟ್ಟು, ಸ್ಪ್ರಿಂಕ್ಲರ್‌ನಲ್ಲಿ ಒಂದೆರಡು ಸಲ ನೀರು ಕೊಟ್ಟು ಬೆಳೆ ಉಳಿಸಿಕೊಳ್ಳಬಹುದು. ಇಂಥ ಎಷ್ಟೋ ಹೊಂಡ ಉದ್ಯೋಗ ಖಾತ್ರಿಯಲ್ಲೇ ಆಗಿವೆ.

ನನ್ನ ಪ್ರಕಾರ ಎಡವುವುದು ಆಮೇಲೆ. ತೋಡಲು ದುಡ್ಡು ಸಿಗುತ್ತದೆ, ಹೂಳು ತೆಗೆಯುವುದು ಯಾರಿಗೂ ನೆನಪಿರಲ್ಲ. ಗ್ರಾಮಸಭೆಯಲ್ಲಿ ಮೊದಲು ಅದನ್ನೇ ಕೇಳಿ.